ವಾರಕ್ಕೆ ಎರಡೇ ದಿನ ಜಿಮ್, ಅದೂ ಮುಕ್ಕಾಲು ಗಂಟೆ: ಸಾಕಾ?

ಪ್ರಶ್ನೆ: ವಾರಕ್ಕೆ ಐದು ದಿನ ಜಿಮ್‌ಗೆ ಹೋಗುತ್ತಿದ್ದೆ. ಒಂದು ದಿನ ಎದೆ, ಒಂದು ದಿನ ಬೆನ್ನು, ಆಮೇಲೆ ಕಾಲು, ಭುಜ, ಕೈ. ಈಗ ಕೆಲಸದ ಪಾಳಿ ಬದಲಾಗಿದೆ. ವಾರಕ್ಕೆ ಎರಡು ದಿನ, ಹೆಚ್ಚೆಂದರೆ ಮೂರು ದಿನ ಸಿಗುತ್ತದೆ, ಅದೂ 45 ನಿಮಿಷ. ಹಳೇ ಪ್ಲಾನನ್ನೇ ಹೇಗೋ ಎಳೆದುಕೊಂಡು ಹೋಗುತ್ತಿದ್ದೇನೆ, ಕಾಲಿನ ದಿನ ಮಾತ್ರ ತಪ್ಪುತ್ತಲೇ ಇದೆ. ಕಷ್ಟಪಟ್ಟು ಕಟ್ಟಿದ ಮೈ ಕರಗಿಹೋಗುತ್ತದಾ?

ಉತ್ತರ: ಇಲ್ಲ, ಕರಗುವುದಿಲ್ಲ. ಸ್ನಾಯು ಬೆಳೆಸುವುದಕ್ಕೆ ಎಷ್ಟು ದುಡಿಯಬೇಕೋ, ಬೆಳೆದದ್ದನ್ನು ಉಳಿಸಿಕೊಳ್ಳುವುದಕ್ಕೆ ಅದಕ್ಕಿಂತ ತುಂಬಾ ಕಡಿಮೆ ಸಾಕು. ಆದರೆ ಎತ್ತುವ ಭಾರ ಇಳಿಸಬಾರದು. ಟೈಮ್ ಇಲ್ಲ ಅಂತ ಹಗುರವಾದದ್ದು ಹಿಡಿದು ಬೇಗ ಬೇಗ ಎಂಟು ಹತ್ತು ವ್ಯಾಯಾಮ ಮುಗಿಸುವವರೇ ಜಾಸ್ತಿ. ಹಾಗೆ ಮಾಡಬೇಡಿ. ವ್ಯಾಯಾಮ ಕಡಿಮೆ ಮಾಡಿ, ಸೆಟ್ (ನಡುವೆ ನಿಲ್ಲಿಸದೆ ಒಂದು ವ್ಯಾಯಾಮವನ್ನು ಕೆಲವು ಸಲ ಮಾಡುವ ಸುತ್ತು) ಕಡಿಮೆ ಮಾಡಿ, ಬಾರ್‌ನಲ್ಲಿರುವ ತೂಕದ ಪ್ಲೇಟ್ ತೆಗೆಯಬೇಡಿ.

ಹಳೇ ಪ್ಲಾನ್ ಬಿಟ್ಟುಬಿಡಿ. ಐದು ದಿನದ ಪಟ್ಟಿಯನ್ನು ವಾರಕ್ಕೆ ಎರಡು ದಿನದಂತೆ ಮಾಡಿದರೆ ಒಂದು ಭಾಗದ ಸರದಿ ಮತ್ತೆ ಬರುವುದು ಎರಡೂವರೆ ವಾರಕ್ಕೆ. ಒಂದು ಸಲ ಭಾರ ಎತ್ತಿದ್ದಕ್ಕೆ ಸ್ನಾಯು ಚುರುಕಾಗಿ ಕಟ್ಟಿಕೊಳ್ಳುವುದು ಸುಮಾರು ಒಂದೆರಡು ದಿನ ಅಷ್ಟೇ, ಉಳಿದ ದಿನವೆಲ್ಲ ಸುಮ್ನೆ ಕಳೆದುಹೋಗುತ್ತದೆ ಅಲ್ವಾ? ಅದಕ್ಕೇ ಹೋದ ಪ್ರತಿ ದಿನವೂ ಇಡೀ ಮೈಗೆ ಕೆಲಸ ಕೊಡಿ.

ಎರಡು ಪಟ್ಟಿ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಸ್ಕ್ವಾಟ್ (ಬಾರ್ ಹೆಗಲ ಮೇಲಿಟ್ಟು ಕುಳಿತೇಳುವುದು), ಬೆಂಚ್ ಪ್ರೆಸ್ (ಮಲಗಿ ಬಾರನ್ನು ಎದೆಯಿಂದ ಮೇಲೆ ತಳ್ಳುವುದು), ರೋಯಿಂಗ್ (ಬಾಗಿ ನಿಂತು ಬಾರನ್ನು ಹೊಟ್ಟೆಯತ್ತ ಎಳೆಯುವುದು). ಎರಡನೆಯದರಲ್ಲಿ ಡೆಡ್‌ಲಿಫ್ಟ್ (ನೆಲದ ಮೇಲಿನ ಬಾರನ್ನು ಎತ್ತಿ ನೆಟ್ಟಗೆ ನಿಲ್ಲುವುದು), ಭುಜಕ್ಕೆ ಓವರ್‌ಹೆಡ್ ಪ್ರೆಸ್ (ಬಾರನ್ನು ತಲೆಯ ಮೇಲಕ್ಕೆ ತಳ್ಳುವುದು), ಪುಲ್ ಅಪ್ (ಕಂಬಿಗೆ ಜೋತು ಮೈಯನ್ನು ಮೇಲೆಳೆದುಕೊಳ್ಳುವುದು). ಒಂದೊಂದಕ್ಕೂ 3 ಸೆಟ್, ಸೆಟ್‌ಗೆ 6ರಿಂದ 10 ಸಲ, ಇನ್ನೊಂದೆರಡು ಎತ್ತಬಹುದು ಅನ್ನಿಸುವಾಗ ನಿಲ್ಲಿಸಿ. ಡೆಡ್‌ಲಿಫ್ಟ್‌ಗೆ 2 ಸೆಟ್ ಸಾಕು, ಅದು ತುಂಬಾ ದಣಿಸುತ್ತದೆ. ಮೂರೂ ಸೆಟ್‌ನಲ್ಲಿ 10 ಬಂತು ಅಂದರೆ ಮುಂದಿನ ಸಲ ಎರಡೂವರೆ ಕಿಲೋ ಏರಿಸಿ.

ಇವನ್ನು ಸೋಮವಾರ, ಗುರುವಾರ ಅಂತ ವಾರಕ್ಕೆ ಕಟ್ಟಿಹಾಕಬೇಡಿ, ಪಾಳಿ ಕೆಲಸದವರ ಪ್ಲಾನ್ ಮುರಿಯುವುದೇ ಅಲ್ಲಿ. ಕಳೆದ ಸಲ ಮೊದಲನೆಯದು ಮಾಡಿದ್ದರೆ ಈ ಸಲ ಎರಡನೆಯದು, ನಡುವೆ ಎರಡು ದಿನವಾಗಲಿ, ಆರು ದಿನವಾಗಲಿ. ಮೂರನೇ ದಿನ ಸಿಕ್ಕಿತಾ, ಸರದಿಯಲ್ಲಿ ಮುಂದಿನದು ಮಾಡಿ. ತಪ್ಪಿಹೋಯಿತು ಅಂತ ಎರಡನ್ನೂ ಒಂದೇ ದಿನ ತುರುಕಬೇಡಿ.

ಇನ್ನು 45 ನಿಮಿಷದ ಲೆಕ್ಕ. ಟೈಮ್ ತಿನ್ನುವುದು ಸೆಟ್‌ಗಳ ನಡುವಿನ ವಿಶ್ರಾಂತಿ, ಆದರೆ ಭಾರವಾದ ಸ್ಕ್ವಾಟ್‌ಗೆ ಎರಡು ಮೂರು ನಿಮಿಷ ಬಿಡಲೇಬೇಕು, ಅಲ್ಲಿ ಜಿಪುಣತನ ಬೇಡ. ಬೆಂಚ್ ಪ್ರೆಸ್ ಮತ್ತು ರೋಯಿಂಗ್‌ನಲ್ಲಿ ಉಳಿಸಿ: ಒಂದರ ಸೆಟ್ ಮುಗಿಸಿ, ಒಂದು ನಿಮಿಷ ಬಿಟ್ಟು ಇನ್ನೊಂದರ ಸೆಟ್. ಎದೆ ದುಡಿಯುವಾಗ ಬೆನ್ನಿಗೆ ವಿರಾಮ, ಬೆನ್ನು ದುಡಿಯುವಾಗ ಎದೆಗೆ. ಟ್ರೆಡ್‌ಮಿಲ್ ಮೇಲೆ ಕಾಲು ಗಂಟೆ ವಾರ್ಮ್ ಅಪ್ ಕೂಡ ಬೇಡ. 80 ಕಿಲೋ ಎತ್ತುವವರಾದರೆ ಖಾಲಿ ಬಾರ್‌ನಲ್ಲಿ 10, 40 ಕಿಲೋದಲ್ಲಿ 5, 60ರಲ್ಲಿ 3 ಸಲ ಮಾಡಿ ಶುರು ಮಾಡಿ. ತೋಳಿಗೆ ಬೇರೆ ದಿನ ಬೇಕಿಲ್ಲ, ರೋಯಿಂಗ್, ಪುಲ್ ಅಪ್‌ನಲ್ಲೇ ಬೈಸೆಪ್ಸ್ ದುಡಿಯುತ್ತದೆ. ಮೊದಲಿನಷ್ಟು ಬೇಗ ತೋಳು ಬೆಳೆಯುವುದಿಲ್ಲ ಅನ್ನುವುದೂ ನಿಜ.

ಎರಡು ದಿನ ಅಂದರೆ ಏನೂ ಅಲ್ಲ ಅಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಸಲಹೆಯಲ್ಲೂ ಸ್ನಾಯು ಬಲಪಡಿಸುವ ವ್ಯಾಯಾಮಕ್ಕೆ ದೊಡ್ಡವರಿಗೆ ಹೇಳಿರುವುದು ವಾರಕ್ಕೆ ಕನಿಷ್ಠ ಎರಡು ದಿನ.

ಭಾರ ಇಳಿಸಬೇಡಿ ಅಂದೆನಲ್ಲ, ಸ್ಕ್ವಾಟ್ ಮತ್ತು ಡೆಡ್‌ಲಿಫ್ಟ್‌ಗೆ ಮಾತ್ರ ಮೊದಲೆರಡು ವಾರ ಆ ಮಾತು ಬೇಡ. ನಿಮ್ಮ ಕಾಲಿಗೆ ಅಭ್ಯಾಸ ತಪ್ಪಿದೆ. ಹಳೇ ಭಾರಕ್ಕಿಂತ ಒಂದಿಷ್ಟು ಕಡಿಮೆ ಇಟ್ಟು ಎರಡೇ ಸೆಟ್ ಮಾಡಿ, ಇಲ್ಲದಿದ್ದರೆ ನೋವಿಗೆ ಮೂರು ದಿನ ಮೆಟ್ಟಿಲು ಹತ್ತಿಳಿಯುವುದೂ ಕಷ್ಟವಾಗಿ ಎರಡನೇ ಸರದಿಯೇ ತಪ್ಪಿಹೋದೀತು.