30 ಸರ್ವರ್, ಒಂದೇ ಕಮಾಂಡ್: ಲೂಪ್ ಮೊದಲನೆಯದರಲ್ಲೇ ನಿಂತಿದ್ದೇಕೆ?

ಪ್ರಶ್ನೆ: ನಾನು ಒಂದು ಕಾಲೇಜಿನಲ್ಲಿ ಸಿಸ್ಟಮ್ ಅಡ್ಮಿನ್. 30 ಉಬುಂಟು ಸರ್ವರ್‌ಗಳಿವೆ. ಅಪ್‌ಡೇಟ್ ಬಂದಾಗಲೆಲ್ಲ ಒಂದೊಂದಕ್ಕೂ ಲಾಗಿನ್ ಆಗಿ ಅದೇ ಕಮಾಂಡ್ ಹೊಡೆಯಬೇಕು. ಅರ್ಧ ದಿನ ಹೋಗುತ್ತದೆ. ಹೆಸರುಗಳನ್ನೆಲ್ಲ ಒಂದು ಫೈಲ್‌ನಲ್ಲಿಟ್ಟು, ವೈಲ್ ಲೂಪ್ (ಒಂದೊಂದು ಸಾಲಿಗೂ ಅದೇ ಕೆಲಸ ಮಾಡುವ ಸ್ಕ್ರಿಪ್ಟ್) ಬರೆದು ಎಸ್‌ಎಸ್‌ಎಚ್ (ದೂರದ ಸರ್ವರ್‌ಗೆ ಲಾಗಿನ್ ಆಗುವ ಕಮಾಂಡ್) ಓಡಿಸಿದೆ. ಮೊದಲ ಸರ್ವರ್‌ನಲ್ಲಿ ಕೆಲಸ ಆಯಿತು, ಉಳಿದ 29ಕ್ಕೆ ಹೋಗಲೇ ಇಲ್ಲ. ಎರರ್ ಕೂಡ ಬರಲಿಲ್ಲ. ತಪ್ಪು ಎಲ್ಲಿದೆ? ಇದಕ್ಕೆ ಆನ್ಸಿಬಲ್ (ಹಲವು ಸರ್ವರ್‌ಗಳನ್ನು ಒಂದೇ ಕಡೆಯಿಂದ ನಿಭಾಯಿಸುವ ಟೂಲ್) ಬೇಕೇ ಬೇಕಾ?
— ಓದುಗರು, ಹಾಸನ

ಉತ್ತರ: ಲೂಪ್‌ನಲ್ಲಿ ತಪ್ಪಿಲ್ಲ. ನಿಮ್ಮ ಪಟ್ಟಿಯನ್ನು ನುಂಗಿದ್ದು ಎಸ್‌ಎಸ್‌ಎಚ್.

ಲೂಪ್ ಫೈಲ್‌ನಿಂದ ಒಂದು ಸಾಲು ಓದುತ್ತದೆ, ಆ ಹೆಸರಿನ ಸರ್ವರ್‌ಗೆ ಎಸ್‌ಎಸ್‌ಎಚ್ ಹೊರಡುತ್ತದೆ. ಎಸ್‌ಎಸ್‌ಎಚ್ ಏನು ಮಾಡುತ್ತದೆ ಅಂದರೆ, ಎದುರಿಗೆ ಇರುವ ಇನ್‌ಪುಟ್ಟನ್ನೆಲ್ಲ ಎಳೆದುಕೊಂಡು ಆ ಕಡೆಯ ಸರ್ವರ್‌ಗೆ ಕಳಿಸಿಬಿಡುತ್ತದೆ. ಇಲ್ಲಿ ಎದುರಿಗೆ ಇದ್ದದ್ದು ನಿಮ್ಮ ಉಳಿದ 29 ಹೆಸರು! ಲೂಪ್ ಎರಡನೇ ಸಾಲು ಕೇಳುವ ಹೊತ್ತಿಗೆ ಓದಲು ಏನೂ ಉಳಿದಿರುವುದಿಲ್ಲ. ಕೆಲಸ ಮುಗಿಯಿತು ಅಂತ ಅದು ಸುಮ್ನೆ ನಿಲ್ಲುತ್ತದೆ. ಅದಕ್ಕೇ ಎರರ್ ಇಲ್ಲ. ಎಸ್‌ಎಸ್‌ಎಚ್ ಪಕ್ಕದಲ್ಲಿ ಮೈನಸ್ ಎನ್ (-n) ಹಾಕಿ. ಆಗ ಅದು ನಿಮ್ಮ ಪಟ್ಟಿಯನ್ನು ಮುಟ್ಟುವುದಿಲ್ಲ, ಲೂಪ್ 30ಕ್ಕೂ ಹೋಗುತ್ತದೆ.

ಜೊತೆಗೆ ಕನೆಕ್ಟ್‌ಟೈಮ್‌ಔಟ್ 5 ಅಂತ ಕೊಡಿ. ಯಾವುದಾದರೂ ಸರ್ವರ್ ಆಫ್ ಆಗಿದ್ದರೆ 5 ಸೆಕೆಂಡ್ ಕಾದು ಮುಂದೆ ಹೋಗುತ್ತದೆ. ಪಾಸ್‌ವರ್ಡ್ ಬದಲು ಕೀ (ಲಾಗಿನ್‌ಗೆ ಗುರುತಾಗಿ ಬಳಸುವ ಫೈಲ್) ಬಳಸಿ. ಎಸ್‌ಎಸ್‌ಎಚ್ ಕೀಜೆನ್‌ನಲ್ಲಿ ಇಡಿ25519 ಮಾದರಿಯ ಕೀ ಮಾಡಿ, ಅದಕ್ಕೆ ಪಾಸ್‌ಫ್ರೇಸ್ (ಕೀಗೇ ಹಾಕುವ ಪಾಸ್‌ವರ್ಡ್) ಇಡಿ, ಎಸ್‌ಎಸ್‌ಎಚ್ ಕಾಪಿ ಐಡಿಯಿಂದ ಎಲ್ಲ ಕಡೆ ಹಾಕಿ. ಎಸ್‌ಎಸ್‌ಎಚ್ ಏಜೆಂಟ್ (ಬಿಚ್ಚಿದ ಕೀಯನ್ನು ನೆನಪಿಟ್ಟುಕೊಳ್ಳುವ ಪ್ರೋಗ್ರಾಂ) ಇದ್ದರೆ ಪಾಸ್‌ಫ್ರೇಸನ್ನು ಬೆಳಿಗ್ಗೆ ಒಂದು ಸಲ ಹೊಡೆದರೆ ಸಾಕು.

ಇನ್ನು ಆನ್ಸಿಬಲ್. ಡಿಸ್ಕ್ ಎಷ್ಟು ತುಂಬಿದೆ ಅಂತ ನೋಡುವುದಕ್ಕೆ ಲೂಪ್ ಸಾಕು. ಆದರೆ 30 ಸರ್ವರ್‌ಗೆ ಅಪ್‌ಡೇಟ್ ಹಾಕುವುದಾದರೆ ನಾನು ಆನ್ಸಿಬಲ್ ಕಡೆಗೇ. ಇದು 2012ರಲ್ಲಿ ಬಂದದ್ದು, 2015ರಲ್ಲಿ ರೆಡ್ ಹ್ಯಾಟ್ ಕೊಂಡುಕೊಂಡಿತು. ಸರ್ವರ್‌ಗಳಲ್ಲಿ ಅದರದ್ದೇ ಬೇರೆ ಪ್ರೋಗ್ರಾಂ (ಏಜೆಂಟ್) ಹಾಕಬೇಕಾಗಿಲ್ಲ. ಎಸ್‌ಎಸ್‌ಎಚ್ ಮತ್ತು ಪೈಥಾನ್ ಇದ್ದರೆ ಆಯಿತು.

ಅಪ್‌ಡೇಟ್ ನಡುವೆ ಎಪಿಟಿ (ಉಬುಂಟುವಿನಲ್ಲಿ ಸಾಫ್ಟ್‌ವೇರ್ ಹಾಕುವ ಟೂಲ್) ಕೆಲವೊಮ್ಮೆ ಪ್ರಶ್ನೆ ಕೇಳುತ್ತದೆ, ಅಲ್ವಾ? ಹಳೆಯ ಕಾನ್ಫಿಗ್ (ಸೆಟ್ಟಿಂಗ್) ಫೈಲ್ ಇಟ್ಟುಕೊಳ್ಳಲೋ, ಹೊಸದು ಹಾಕಲೋ ಅಂತ. ಲೂಪ್‌ನಲ್ಲಿ ಅದಕ್ಕೆ ಉತ್ತರ ಕೊಡುವವರಿಲ್ಲ, ಅಪ್‌ಡೇಟ್ ಅರ್ಧಕ್ಕೆ ನಿಂತುಬಿಡಬಹುದು. ಆನ್ಸಿಬಲ್‌ನ ಎಪಿಟಿ ಮಾಡ್ಯೂಲ್ ಪ್ರಶ್ನೆ ಕೇಳದೆ, ನೀವು ತಿದ್ದಿದ ಹಳೆಯ ಫೈಲನ್ನೇ ಉಳಿಸಿಕೊಳ್ಳುತ್ತದೆ. ಪ್ಲೇಬುಕ್ (ಮಾಡಬೇಕಾದ ಕೆಲಸಗಳ ಪಟ್ಟಿ ಇರುವ ಫೈಲ್) ಬರೆದು ಓಡಿಸಿದರೆ ಕೊನೆಯಲ್ಲಿ ಯಾವ ಸರ್ವರ್ ಸರಿ ಇದೆ, ಯಾವುದು ಬದಲಾಯಿತು, ಯಾವುದು ಫೇಲ್, ಯಾವುದು ಸಿಗಲೇ ಇಲ್ಲ ಅಂತ ಲೆಕ್ಕ ಕೊಡುತ್ತದೆ. ಸುಮ್ನೆ ಇಟ್ಟರೆ ಒಂದು ಸಲಕ್ಕೆ 5 ಸರ್ವರ್ ಹಿಡಿಯುತ್ತದೆ, ಫೋರ್ಕ್ಸ್ ಅನ್ನುವ ಸೆಟ್ಟಿಂಗ್ ಹೆಚ್ಚಿಸಿದರೆ ಜಾಸ್ತಿ ಹಿಡಿಯುತ್ತದೆ.

ಆದರೆ ದಯವಿಟ್ಟು ಮೊದಲ ದಿನವೇ 30ಕ್ಕೂ ಒಟ್ಟಿಗೆ ಹೊಡೆಯಬೇಡಿ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಂಪನಿಯಲ್ಲಿ ನಾನು ಎಸ್‌ಎಸ್‌ಎಚ್‌ನ ಕಾನ್ಫಿಗ್ ಫೈಲನ್ನು 12 ಸರ್ವರ್‌ಗೆ ಒಂದೇ ಏಟಿಗೆ ಕಳಿಸಿ ಸರ್ವಿಸ್ ರೀಸ್ಟಾರ್ಟ್ ಮಾಡಿಸಿದೆ. ಫೈಲ್‌ನಲ್ಲಿ ಒಂದು ಅಕ್ಷರ ತಪ್ಪಿತ್ತು. ಹಳೆಯ ಸರ್ವಿಸ್ ನಿಂತಿತು, ಹೊಸದು ಏಳಲಿಲ್ಲ. 12ಕ್ಕೂ ಹೊಸದಾಗಿ ಲಾಗಿನ್ ಆಗುವ ದಾರಿಯೇ ಬಂದ್. ರಾತ್ರಿ ಮಾನಿಟರ್, ಕೀಬೋರ್ಡ್ ಹೊತ್ತುಕೊಂಡು ಹೋಗಿ ಒಂದೊಂದಕ್ಕೇ ಸಿಕ್ಕಿಸಿ ಸರಿ ಮಾಡಬೇಕಾಯಿತು. ರೀಸ್ಟಾರ್ಟ್‌ಗೆ ಮುಂಚೆ ಎಸ್‌ಎಸ್‌ಎಚ್‌ಡಿ ಮೈನಸ್ ಟಿ (sshd -t) ಅಂತ ಹೊಡೆದಿದ್ದರೆ ತಪ್ಪು ಯಾವ ಸಾಲಿನಲ್ಲಿದೆ ಅಂತ ಅದೇ ಹೇಳುತ್ತಿತ್ತು.

ಅವತ್ತಿನಿಂದ ನಾನು ಮಾಡುವುದು ಹೀಗೆ. ಆನ್ಸಿಬಲ್ ಕಮಾಂಡ್‌ಗೆ ಲಿಮಿಟ್ ಅನ್ನುವ ಆಯ್ಕೆ ಕೊಟ್ಟು ಮೊದಲು ಒಂದೇ ಸರ್ವರ್, ಅದೂ ಯಾರಿಗೂ ತೊಂದರೆಯಾಗದ್ದು. ಹೊಸ ಕಿಟಕಿ ತೆರೆದು ಲಾಗಿನ್ ಆಗಿ ನೋಡುತ್ತೇನೆ. ಆಮೇಲೆ ಪ್ಲೇಬುಕ್‌ನಲ್ಲಿ ಸೀರಿಯಲ್ 3 ಅಂತ ಹಾಕುತ್ತೇನೆ, ಮೂರು ಮೂರೇ ಸರ್ವರ್ ಮುಗಿಯುತ್ತಾ ಹೋಗುತ್ತವೆ. ಒಂದು ಗುಂಪಿನ ಮೂರೂ ಫೇಲ್ ಆದರೆ ಆನ್ಸಿಬಲ್ ಅಲ್ಲಿಗೇ ನಿಲ್ಲುತ್ತದೆ. ನಿಮ್ಮ ಕಾಲೇಜಿನ ಡೇಟಾಬೇಸ್ ಸರ್ವರನ್ನು ಬೇರೆ ಗುಂಪಿನಲ್ಲಿಡಿ. ರೀಬೂಟ್ ಬೇಕಿದ್ದರೆ ಅದೊಂದನ್ನು ಎದುರಿಗೆ ಕೂತು ಮಾಡಿ. ಪರೀಕ್ಷೆಯ ವಾರ ಅಂತೂ ಏನನ್ನೂ ಮುಟ್ಟಬೇಡಿ.

ಪ್ರಶ್ನೆ: ಮಾಮೂಲಿ ಪಿಂಗ್ (ಸರ್ವರ್ ನೆಟ್‌ವರ್ಕ್‌ನಲ್ಲಿ ಸಿಗುತ್ತದೆಯೇ ಅಂತ ನೋಡುವ ಕಮಾಂಡ್) ಹೊಡೆದರೆ ಸರ್ವರ್ ಉತ್ತರ ಕೊಡುತ್ತದೆ. ಆನ್ಸಿಬಲ್‌ನ ಪಿಂಗ್ ಮಾತ್ರ ಫೇಲ್ ಆಗುತ್ತದೆ. ನೆಟ್‌ವರ್ಕ್ ತೊಂದರೆಯೇ?
— ಓದುಗರು, ಬೆಳಗಾವಿ

ಉತ್ತರ: ಬಹುಶಃ ಅಲ್ಲ. ಹೆಸರು ಒಂದೇ ಆದರೂ ಎರಡೂ ಬೇರೆ. ಆನ್ಸಿಬಲ್‌ನ ಪಿಂಗ್ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗಿ, ಅಲ್ಲಿ ಪೈಥಾನ್ ಓಡುತ್ತದೆಯೇ ಅಂತ ನೋಡಿ 'ಪಾಂಗ್' ಅನ್ನುತ್ತದೆ. 'ಅನ್‌ರೀಚಬಲ್' ಅಂತ ಬಂದರೆ ಕೀ ಅಥವಾ ಯೂಸರ್ ಹೆಸರು ನೋಡಿ. 'ಫೇಲ್ಡ್' ಅಂತ ಬಂದು ಮೆಸೇಜ್‌ನಲ್ಲಿ ಪೈಥಾನ್ ಹೆಸರಿದ್ದರೆ ಅಲ್ಲಿ ಪೈಥಾನ್ ಇಲ್ಲ, ಇಲ್ಲವೇ ತುಂಬಾ ಹಳೆಯದು. ಕಮಾಂಡ್ ಕೊನೆಗೆ ಮೈನಸ್ ಹಾಕಿ ಮೂರು ವಿ ಸೇರಿಸಿ, ಎಲ್ಲಿ ಸಿಕ್ಕಿಕೊಂಡಿತು ಅಂತ ಸಾಲು ಸಾಲಾಗಿ ತೋರಿಸುತ್ತದೆ.