ಗಣಕ ಪ್ರಶ್ನೋತ್ತರ: ವಿಮಾನ ಹಾರಿಸುವ ಆಟಕ್ಕೆ ಎಂಥ ಕಂಪ್ಯೂಟರ್?

ಪ್ರಶ್ನೆ: ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಮಗ ‘ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024’ ಆಡಲು ಕಂಪ್ಯೂಟರ್ ಬೇಕೆನ್ನುತ್ತಿದ್ದಾನೆ, ಓದಿಗೂ ಆಗುತ್ತದೆಂಬುದು ಅವನ ವಾದ. ಅಂಗಡಿಯವರ ಕೊಟೇಶನ್ ಹೀಗಿದೆ: ಇಂಟೆಲ್ ಐ5-12400ಎಫ್ ಪ್ರೊಸೆಸರ್, 16 ಜಿ.ಬಿ. ರ‍್ಯಾಮ್ (ಒಂದೇ ಸ್ಟಿಕ್), ಆರ್‌ಟಿಎಕ್ಸ್ 4060 8 ಜಿ.ಬಿ. ಗ್ರಾಫಿಕ್ಸ್ ಕಾರ್ಡ್, 512 ಜಿ.ಬಿ. ಎಸ್‌ಎಸ್‌ಡಿ, ‘ಎಸ್‌ಎಂಪಿಎಸ್ 750 ವ್ಯಾಟ್’, ಬಣ್ಣದ ದೀಪಗಳ ಕ್ಯಾಬಿನೆಟ್, 27 ಇಂಚಿನ 4ಕೆ ಮಾನಿಟರ್. ಒಟ್ಟು 1,25,000 ರೂಪಾಯಿ. ಇದನ್ನು ಕೊಳ್ಳಬಹುದೇ?
— ನಿವೃತ್ತ ಉಪನ್ಯಾಸಕರು, ಮಂಡ್ಯ

ಉತ್ತರ: ಅಂಗಡಿಯವರು ಮೋಸವೇನೂ ಮಾಡಿಲ್ಲ. ಓಡಾಡಿ ಗುಂಡು ಹಾರಿಸುವ ಆಟಗಳಿಗೆ ಎಲ್ಲರೂ ಕೇಳುವ ಯಂತ್ರವನ್ನೇ ನಿಮಗೂ ಬರೆದುಕೊಟ್ಟು, ಅದಕ್ಕೊಂದು ಭರ್ಜರಿ ಮಾನಿಟರ್ ಜೋಡಿಸಿದ್ದಾರೆ. ವಿಮಾನದ ಸಿಮ್ಯುಲೇಟರಿಗೆ ಬೇಕಾದದ್ದು ಬೇರೆಯಾದ್ದರಿಂದ ಅದೇ ಹಣವನ್ನು ಬೇರೆ ಬಗೆಯಲ್ಲಿ ಹಂಚಬೇಕಾಗುತ್ತದೆ.

ಗುಂಡು ಹಾರಿಸುವ ಆಟದಲ್ಲಿ ಕೆಲಸದ ಹೆಚ್ಚಿನ ಪಾಲು ಚಿತ್ರ ಬಿಡಿಸುವುದು, ಅದು ಗ್ರಾಫಿಕ್ಸ್ ಕಾರ್ಡಿನ ಜವಾಬ್ದಾರಿ. ಸಿಮ್ಯುಲೇಟರಿನಲ್ಲಾದರೋ ಚಿತ್ರ ಬಿಡಿಸುವ ಮೊದಲೇ ರೆಕ್ಕೆಯ ಮೇಲೆ ಗಾಳಿಯ ಒತ್ತಡವೆಷ್ಟು, ಎಂಜಿನ್ನಿಗೆ ಇಂಧನವೆಷ್ಟು ಹರಿಯುತ್ತಿದೆ, ಆಟೋಪೈಲಟ್ ಈಗೇನು ಮಾಡಬೇಕು, ಸುತ್ತಲಿನ ವಿಮಾನಗಳು ಎಲ್ಲಿವೆ ಎಂಬ ಲೆಕ್ಕಗಳೆಲ್ಲ ಮುಗಿದಿರಬೇಕು. ಒಂದರ ಉತ್ತರ ಬಂದ ಮೇಲೆಯೇ ಮತ್ತೊಂದು ಆರಂಭವಾಗುವಂಥ ಲೆಕ್ಕಗಳಾದ್ದರಿಂದ ಅವುಗಳ ಭಾರವೆಲ್ಲ ಬಹುಮಟ್ಟಿಗೆ ಪ್ರೊಸೆಸರಿನ ಒಂದೇ ಕೋರಿನ (ಲೆಕ್ಕ ಮಾಡುವ ಘಟಕದ) ಮೇಲೆ ಬೀಳುತ್ತದೆ. 2024ರ ಆವೃತ್ತಿಯು 2020ರದಕ್ಕಿಂತ ಚೆನ್ನಾಗಿ ಕೆಲಸವನ್ನು ಹಲವು ಕೋರುಗಳಿಗೆ ಹಂಚುತ್ತದಾದರೂ ಈ ಭಾರ ಪೂರ್ತಿ ಇಳಿದಿಲ್ಲ.

ಹಾಗಾಗಿ ಕೋರುಗಳ ಸಂಖ್ಯೆಗಿಂತ ಒಂದೊಂದು ಕೋರಿನ ವೇಗ ಮತ್ತು ಪ್ರೊಸೆಸರಿನೊಳಗಿನ ಎಲ್3 ಕ್ಯಾಶ್ ಇಲ್ಲಿ ಮುಖ್ಯವಾಗುತ್ತವೆ. ಮದುವೆಮನೆಯ ಅಡುಗೆ ಭಟ್ಟರಿಗೆ ಸಾಮಾನು ಕೈಯಳತೆಯಲ್ಲಿದ್ದರೆ ಕೆಲಸ ಸಾಗುವ ಬಗೆಯೇ ಬೇರೆ, ಸಾಸಿವೆಗೂ ಉಗ್ರಾಣಕ್ಕೆ ಓಡಬೇಕಾದರೆ ಬೇರೆ. ಕ್ಯಾಶ್ ಎಂಬುದು ಆ ಕೈಯಳತೆಯ ಜಾಗ, ರ‍್ಯಾಮ್ ಉಗ್ರಾಣ. ನಿಮಗೆ ಬರೆದುಕೊಟ್ಟಿರುವ 12400ಎಫ್‌ನಲ್ಲಿ ಈ ಕ್ಯಾಶ್ 18 ಎಂ.ಬಿ., ಎ.ಎಂ.ಡಿ.ಯ ರೈಜೆನ್ 5 7600ರಲ್ಲಿ 32 ಎಂ.ಬಿ., 2023ರಲ್ಲಿ ಬಂದ ರೈಜೆನ್ 7 7800ಎಕ್ಸ್3ಡಿಯಲ್ಲಿ 96 ಎಂ.ಬಿ. ಇದೆ. ಸಿಮ್ಯುಲೇಟರ್ ಆಡುವವರು ‘ಎಕ್ಸ್3ಡಿ’ ಎಂಬ ಅಕ್ಷರಗಳನ್ನು ಹುಡುಕಿಕೊಂಡು ಹೋಗುವುದು ಇದೇ ಕಾರಣಕ್ಕೆ.

ಆಟದ ತಯಾರಕರು ಮೂರು ಹಂತದ ಅಗತ್ಯಗಳನ್ನು ಪ್ರಕಟಿಸಿದ್ದಾರೆ. ಕನಿಷ್ಠ ಹಂತಕ್ಕೆ 16 ಜಿ.ಬಿ. ರ‍್ಯಾಮ್ ಮತ್ತು 4 ಜಿ.ಬಿ. ಗ್ರಾಫಿಕ್ಸ್ ಮೆಮೊರಿ ಸಾಕು. ಶಿಫಾರಸಿನ ಹಂತಕ್ಕೆ 32 ಮತ್ತು 8, ಆದರ್ಶ ಹಂತಕ್ಕೆ 64 ಮತ್ತು 12 ಜಿ.ಬಿ. ಬೇಕು. ಈ ಅಳತೆಯಲ್ಲಿ ನಿಮ್ಮ ಕೊಟೇಶನ್ ನೋಡಿದರೆ ಗ್ರಾಫಿಕ್ಸ್ ಮೆಮೊರಿ ಶಿಫಾರಸಿಗೆ ಸರಿಹೋಗುತ್ತದೆ, ರ‍್ಯಾಮ್ ಕನಿಷ್ಠದಲ್ಲೇ ಉಳಿದಿದೆ. ಅದೂ ಒಂದೇ ಸ್ಟಿಕ್ ಎಂದಿದೆ. ಜೋಡಿ ಸ್ಟಿಕ್ ಹಾಕಿದರೆ ಎರಡು ಚಾನೆಲುಗಳಲ್ಲಿ ಮಾಹಿತಿ ಓಡಾಡುತ್ತದೆ, ಒಂದೇ ಇದ್ದರೆ ಅರ್ಧ ದಾರಿ ಮುಚ್ಚಿದಂತೆಯೇ. 2025ರ ಕೊನೆಯಿಂದ ಮೆಮೊರಿಯ ಬೆಲೆ ವಿಪರೀತ ಏರಿರುವುದರಿಂದ ಅಂಗಡಿಯವರು ಇಲ್ಲಿ ಕೈ ಬಿಗಿ ಹಿಡಿದಿರುವುದು ಅರ್ಥವಾಗುತ್ತದೆ. ಆದರೂ ಬೇರೆ ಎಲ್ಲಿಯಾದರೂ ಕಡಿಮೆ ಮಾಡಿ, 16ರ ಎರಡು ಸ್ಟಿಕ್‌ಗಳನ್ನೇ ಹಾಕಿಸಿಕೊಳ್ಳಿ.

ಎಲ್ಲಿ ಕಡಿಮೆ ಮಾಡುವುದೆಂದರೆ ಮಾನಿಟರಿನಲ್ಲಿ. ಕಂಪ್ಯೂಟರ್ ಆರಿಸುವಾಗ ನಮ್ಮವರು ಮಾನಿಟರನ್ನು ಕೊನೆಗೆ ನೋಡುತ್ತಾರೆ, ಅದನ್ನು ಮೊದಲು ನಿರ್ಧರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿದ್ದು, ಅದು ಸಾಮಾನ್ಯ ಫುಲ್ ಎಚ್‌ಡಿ ಪರದೆಯ ಸರಿಯಾಗಿ ನಾಲ್ಕರಷ್ಟು. 4060ರಂಥ ಮಧ್ಯಮ ಕಾರ್ಡಿಗೆ ಅಷ್ಟು ಚಿತ್ರ ತುಂಬುವ ಶಕ್ತಿಯೂ ಇಲ್ಲ, 8 ಜಿ.ಬಿ. ಮೆಮೊರಿಯೂ ಅಲ್ಲಿ ಸಾಲದು. 27 ಇಂಚಿಗೆ 1440ಪಿ ಪರದೆ ಹದವಾಗಿರುತ್ತದೆ. ಅದರಲ್ಲಿ ಸುಮಾರು 37 ಲಕ್ಷ ಪಿಕ್ಸೆಲ್‌ಗಳಿದ್ದು, ಕಾಕ್‌ಪಿಟ್ಟಿನ ಸಣ್ಣ ಅಂಕಿಗಳೂ ಕಣ್ಣಿಗೆ ಕಾಣುತ್ತವೆ. ಸೆಕೆಂಡಿಗೆ 144 ಫ್ರೇಮ್ (ಚಿತ್ರ) ಎಂಬ ಮಾತಿಗೂ ಮರುಳಾಗಬೇಕಾಗಿಲ್ಲ. ಎದುರಾಳಿಗಿಂತ ಮೊದಲು ಗುರಿ ಹಿಡಿಯಬೇಕಾದ ಆಟ ಇದಲ್ಲ. ತಡೆಯಿಲ್ಲದೆ ಒಂದೇ ಸಮನೆ 40 ಫ್ರೇಮ್ ಬಂದರೆ ದೊಡ್ಡ ವಿಮಾನವನ್ನೂ ನೆಮ್ಮದಿಯಾಗಿ ಇಳಿಸಬಹುದು.

ನಿಮ್ಮ ಜಾಗದಲ್ಲಿ ನಾನಿದ್ದರೆ ರೈಜೆನ್ 5 7600, ಬಿ650 ಮದರ್‌ಬೋರ್ಡ್, 32 ಜಿ.ಬಿ. ಡಿಡಿಆರ್5 ರ‍್ಯಾಮ್, 1 ಟಿ.ಬಿ. ಎನ್‌ವಿಎಂಇ ಎಸ್‌ಎಸ್‌ಡಿ ಬರೆಸಿ, ಉಳಿದ ಹಣದಲ್ಲಿ 16 ಜಿ.ಬಿ.ಯ ಆರ್‌ಟಿಎಕ್ಸ್ 5060 ಟಿಐ ಅಥವಾ ಆರ್‌ಎಕ್ಸ್ 9060 ಎಕ್ಸ್‌ಟಿ ಸಿಗುತ್ತದೆಯೇ ಎಂದು ಕೇಳುತ್ತಿದ್ದೆ. 12400ಎಫ್ ಕೂರುವ ಸಾಕೆಟ್ಟಿಗೆ ಇಂಟೆಲ್‌ನವರ ಹೊಸ ತಲೆಮಾರುಗಳು ಬರುವುದಿಲ್ಲ. 7600 ಕೂರುವ ಎಎಂ5 ಸಾಕೆಟ್ಟನ್ನು 2027ರವರೆಗೂ, ಅದರಾಚೆಗೂ ಮುಂದುವರಿಸುವುದಾಗಿ ಎ.ಎಂ.ಡಿ. ಹೇಳಿದೆ. ಮಗ ಸಂಪಾದನೆಗೆ ನಿಂತ ಮೇಲೆ ಪ್ರೊಸೆಸರ್ ಒಂದನ್ನು ತೆಗೆದು ಎಕ್ಸ್3ಡಿ ಹಾಕಿಕೊಂಡರಾಯಿತು.

ಕೊಟೇಶನ್ನಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಅನುಮಾನ ತಂದ ಸಾಲು ವಿದ್ಯುತ್ ಒದಗಿಸುವ ಭಾಗದ್ದು: ‘ಎಸ್‌ಎಂಪಿಎಸ್ 750 ವ್ಯಾಟ್’. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡುಗಳಿಗೆ ಮಾಡೆಲ್ ಸಂಖ್ಯೆ ಬರೆದು ಇದಕ್ಕೆ ತಯಾರಕರ ಹೆಸರೂ ಇಲ್ಲವೆಂದರೆ ಕ್ಯಾಬಿನೆಟ್ಟಿನ ಜೊತೆ ಬಿಟ್ಟಿಯಾಗಿ ಬಂದದ್ದಿರಬಹುದು. ಸಿಮ್ಯುಲೇಟರಿನಲ್ಲಿ ಬೆಂಗಳೂರಿನಿಂದ ದೆಹಲಿಗೆ ಹಾರಿದರೆ ಎರಡೂವರೆ ಗಂಟೆ ಯಂತ್ರಕ್ಕೆ ಬಿಡುವಿರುವುದಿಲ್ಲ. ಅದರಲ್ಲೂ ಮಂಡ್ಯದ ಏಪ್ರಿಲ್ ಸೆಖೆಯಲ್ಲಿ ಕಳಪೆ ಎಸ್‌ಎಂಪಿಎಸ್ ತಾನು ಸುಡುವುದಲ್ಲದೆ ಜೊತೆಗಿದ್ದವನ್ನೂ ಸುಡಬಹುದು. ಹೆಸರಾಂತ ತಯಾರಕರ, ‘80 ಪ್ಲಸ್’ ಗುರುತಿರುವ, ಐದು ವರ್ಷವಾದರೂ ವಾರಂಟಿಯುಳ್ಳ 650 ವ್ಯಾಟಿನದು ಧಾರಾಳವಾಗಿ ಸಾಕು. ಬಣ್ಣದ ದೀಪಗಳ ಬದಲು ಮುಂಭಾಗದಲ್ಲಿ ಜಾಲರಿಯಿದ್ದು ಗಾಳಿಯಾಡುವ ಕ್ಯಾಬಿನೆಟ್ ಕೇಳಿ. ಜಿ.ಎಸ್‌.ಟಿ. ಬಿಲ್ಲಿನಲ್ಲಿ ಪ್ರತಿ ಬಿಡಿಭಾಗದ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳುವುದನ್ನು ಮರೆಯಬೇಡಿ.

ಹಣ ಕೊಡುವ ಮೊದಲು ಅಂಗಡಿಯಲ್ಲಿ ಆಟ ಓಡಿಸಿ ತೋರಿಸುತ್ತೇವೆಂದರೆ ಒಂದು ಎಚ್ಚರವಿರಲಿ. ಮೈಸೂರಿನ ಮಂಡಕಳ್ಳಿ ನಿಲ್ದಾಣದಿಂದ ಸಣ್ಣ ವಿಮಾನವೇರಿ ಕೆ.ಆರ್.ಎಸ್. ಮೇಲೆ ಸುತ್ತು ಹಾಕಿದರೆ ಸಾಧಾರಣ ಯಂತ್ರವೂ ಸೊಗಸಾಗಿ ಓಡುತ್ತದೆ. ಲಂಡನ್ನಿನ ಹೀಥ್ರೂದಂಥ ಕಡೆ, ಮೋಡ ಕವಿದ ವೇಳೆಯಲ್ಲಿ, ಪ್ರಯಾಣಿಕರ ಜೆಟ್ ವಿಮಾನ ಇಳಿಸಿ ತೋರಿಸಲು ಹೇಳಿ.

ಪ್ರಶ್ನೆ: ಮಾನಸಗಂಗೋತ್ರಿಯಲ್ಲಿ ಓದುತ್ತ ಹಾಸ್ಟೆಲಿನಲ್ಲಿದ್ದೇನೆ. ‘ಸಿಟೀಸ್: ಸ್ಕೈಲೈನ್ಸ್ 2’ ಆಟಕ್ಕೆ ಲ್ಯಾಪ್‌ಟಾಪ್ ಕೊಳ್ಳಬೇಕೆಂದಿದ್ದೇನೆ. 4060 ಇರುವ ಎರಡು ಲ್ಯಾಪ್‌ಟಾಪ್‌ಗಳ ಬೆಲೆಯಲ್ಲಿ ಹದಿನೈದು ಸಾವಿರ ರೂಪಾಯಿ ವ್ಯತ್ಯಾಸವಿದೆ. ಕಡಿಮೆ ಬೆಲೆಯದನ್ನೇ ಕೊಂಡರೆ ನಷ್ಟವೇನು?
— ವಿದ್ಯಾರ್ಥಿನಿ, ಮೈಸೂರು

ಉತ್ತರ: ಹೆಸರು ಒಂದೇ ಆದರೂ ಕಾರ್ಡಿನ ಶಕ್ತಿ ಒಂದೇ ಅಲ್ಲ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಕಾರ್ಡಿಗೆ 35ರಿಂದ 115 ವ್ಯಾಟ್‌ವರೆಗೆ ಎಷ್ಟು ವಿದ್ಯುತ್ ಕೊಡಬೇಕೆಂಬುದನ್ನು ಲ್ಯಾಪ್‌ಟಾಪ್ ತಯಾರಕರೇ ತೀರ್ಮಾನಿಸುತ್ತಾರೆ. ತೆಳ್ಳಗಿನ ಮಾಡೆಲ್‌ಗಳಲ್ಲಿ ಅದು ಕಡಿಮೆಯಿರುತ್ತದೆ, ಆಟವೂ ಅಷ್ಟೇ ನಿಧಾನವಾಗುತ್ತದೆ. ಪೆಟ್ಟಿಗೆಯ ಮೇಲೆ ಇದನ್ನು ಸಾಮಾನ್ಯವಾಗಿ ಬರೆದಿರುವುದಿಲ್ಲ, ‘ಟಿಜಿಪಿ’ ಎಷ್ಟೆಂದು ಕೇಳಿಯೇ ತಿಳಿಯಬೇಕು.

ಇನ್ನು ನೀವು ಹೇಳಿದ ಆಟ ವಿಮಾನದ ಆಟಕ್ಕಿಂತ ಭಿನ್ನವಾದದ್ದು. 2023ರ ಅಕ್ಟೋಬರಿನಲ್ಲಿ ಬಂದ ಈ ನಗರ ಕಟ್ಟುವ ಆಟವು ನಾಗರಿಕರ ಓಡಾಟದ ಲೆಕ್ಕವನ್ನು ಹಲವು ಕೋರುಗಳಿಗೆ ಹಂಚಿಕೊಡುತ್ತದೆ, ಆದ್ದರಿಂದ ಇಲ್ಲಿ ಆರಕ್ಕಿಂತ ಎಂಟು ಕೋರು ನಿಜಕ್ಕೂ ಮೇಲು. ಊರು ಸಣ್ಣದಿದ್ದಾಗ ಯಾವ ಯಂತ್ರವೂ ಸಾಕೆನಿಸುತ್ತದೆ. ಜನಸಂಖ್ಯೆ ಲಕ್ಷ ದಾಟಿದ ಮೇಲೆ ಆಟದ ಗಡಿಯಾರವೇ ನಿಧಾನವಾಗತೊಡಗುತ್ತದೆ. ದುಬಾರಿಯದರಲ್ಲಿ ವ್ಯಾಟ್ ಮತ್ತು ಕೋರು ಎರಡೂ ಹೆಚ್ಚಿದ್ದರೆ ಆ ಹದಿನೈದು ಸಾವಿರ ದಂಡವಲ್ಲ. ಹೆಚ್ಚಿನ ಬೆಲೆ ಬರಿಯ ಹೊಳೆಯುವ ಕೀಬೋರ್ಡಿಗಾದರೆ ಕಡಿಮೆಯದನ್ನೇ ಕೊಂಡು, ರ‍್ಯಾಮನ್ನು ಮುಂದೆ ಹೆಚ್ಚಿಸಲು ಸ್ಲಾಟ್ ಖಾಲಿಯಿದೆಯೇ ಎಂದು ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಹಳ್ಳಿಯಲ್ಲಿ ದಿನಕ್ಕೆ ನಾಲ್ಕಾರು ಸಲ ಕರೆಂಟ್ ಹೋಗಿ ಬರುತ್ತದೆ. ಮನೆಯ ಇನ್ವರ್ಟರಿನಲ್ಲೇ ಗೇಮಿಂಗ್ ಕಂಪ್ಯೂಟರ್ ನಡೆಸಬಹುದೇ? ಇಂಟರ್‌ನೆಟ್ಟೂ ನಿಧಾನ. ವಿಮಾನದ ಆಟ ಆಡಲು ಸಾಧ್ಯವೇ?
— ಓದುಗರು, ಪಾಂಡವಪುರ ತಾಲ್ಲೂಕು

ಉತ್ತರ: ಇನ್ವರ್ಟರ್ ‘ಸೈನ್ ವೇವ್’ ಮಾದರಿಯದಾಗಿದ್ದು ಅದರಲ್ಲಿ ‘ಯುಪಿಎಸ್ ಮೋಡ್’ ಇದ್ದರೆ ನಡೆಸಬಹುದು, ಹಳೆಯ ‘ಸ್ಕ್ವೇರ್ ವೇವ್’ ಇನ್ವರ್ಟರಿಗೆ ಇಂದಿನ ಒಳ್ಳೆಯ ಎಸ್‌ಎಂಪಿಎಸ್‌ಗಳು ಹೊಂದಿಕೊಳ್ಳುವುದು ಕಷ್ಟ. ಪ್ರತ್ಯೇಕ ಯುಪಿಎಸ್ ಕೊಳ್ಳುವುದಾದರೆ 600 ವಿಎ ಎಂದು ಮಾರುವವು ಸಾಮಾನ್ಯವಾಗಿ 360 ವ್ಯಾಟಿನವು ಎಂಬುದನ್ನು ಗಮನಿಸಿ. ಆಟದ ನಡುವೆ ಕಂಪ್ಯೂಟರ್ ಮತ್ತು ಮಾನಿಟರ್ ಸೇರಿ ಅದಕ್ಕಿಂತ ಹೆಚ್ಚು ಎಳೆದರೆ ಕರೆಂಟ್ ಹೋದ ಕ್ಷಣವೇ ಎಲ್ಲವೂ ಆರಿಹೋಗುತ್ತದೆ. 1000 ವಿಎಗಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ. ಅದು ಆಡುತ್ತ ಕೂರುವುದಕ್ಕಲ್ಲ, ಆಟವನ್ನು ಸೇವ್ ಮಾಡಿ ಯಂತ್ರವನ್ನು ಕ್ರಮವಾಗಿ ಮುಚ್ಚುವುದಕ್ಕೆ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಒಮ್ಮೆ ನೋಡಿಸಿ. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆನ್ನುತ್ತಿದ್ದರೆ ಅಲ್ಲಿಯವರೆಗೆ ಕಂಪ್ಯೂಟರ್ ಹಾಕಲೇಬೇಡಿ. ಕಬ್ಬು ಅರೆಯುವ ಕಾಲದಲ್ಲಿ ಬೂದಿ ಬೀಳುವ ಊರಾದರೆ ಫ್ಯಾನಿನ ಜಾಲರಿಯನ್ನು ಆಗಾಗ ಬ್ರಷ್ಷಿನಿಂದ ಒರೆಸುತ್ತಿರಬೇಕು.

ಇಂಟರ್‌ನೆಟ್ ಮಾತು ಬೇರೆ. ಫ್ಲೈಟ್ ಸಿಮ್ಯುಲೇಟರ್ 2024 ಡಿಸ್ಕಿನಲ್ಲಿ ಕೇಳುವ ಜಾಗ 50 ಜಿ.ಬಿ. ಮಾತ್ರ, ಊರು, ಬೆಟ್ಟ, ವಿಮಾನಗಳ ವಿವರಗಳೆಲ್ಲ ಹಾರುತ್ತಿರುವಾಗಲೇ ಇಂಟರ್‌ನೆಟ್ಟಿನಿಂದ ಇಳಿಯುತ್ತವೆ. ಕನಿಷ್ಠ 10 ಎಂಬಿಪಿಎಸ್ ಎಂದಿದ್ದರೂ ಶಿಫಾರಸು 50. ಮೊಬೈಲ್ ಹಾಟ್‌ಸ್ಪಾಟಿನ ದಿನದ ಡೇಟಾವನ್ನು ನಂಬಿ ಇದಕ್ಕೆ ಕೈ ಹಾಕಬೇಡಿ. ನಿಮ್ಮಂಥವರಿಗೆ ‘ಎಕ್ಸ್-ಪ್ಲೇನ್ 12’ ಹೆಚ್ಚು ಒಗ್ಗುತ್ತದೆ. ಭೂದೃಶ್ಯವನ್ನು ಒಮ್ಮೆ ಇಳಿಸಿಕೊಂಡರೆ ಡಿಸ್ಕಿನಲ್ಲೇ ಇರುತ್ತದೆ. ನೋಟ ಅಷ್ಟು ಬೆರಗು ಹುಟ್ಟಿಸದಿದ್ದರೂ ಹಾರಾಟದ ಅನುಭವದಲ್ಲಿ ಕಡಿಮೆಯೇನಲ್ಲ. ಉಚಿತ ಡೆಮೊ ಕೂಡ ಇರುವುದರಿಂದ ಮೊದಲು ಅದನ್ನು ಓಡಿಸಿ ನೋಡಬಹುದು.

ಪ್ರಶ್ನೆ: ರೈಜೆನ್ 5 3600, ಬಿ450 ಬೋರ್ಡ್, ಆರ್‌ಟಿಎಕ್ಸ್ 3060 ಇರುವ ನನ್ನ ಹಳೆಯ ಯಂತ್ರದಲ್ಲಿ ವಿಮಾನ ನಿಲ್ದಾಣ ಸಮೀಪಿಸುತ್ತಿದ್ದಂತೆ ಆಟ ತಡವರಿಸುತ್ತದೆ. ಗ್ರಾಫಿಕ್ಸ್ ಕಾರ್ಡ್ ಬದಲಿಸಲೇ?
— ಓದುಗರು, ಶ್ರೀರಂಗಪಟ್ಟಣ

ಉತ್ತರ: ಬದಲಿಸುವ ಮೊದಲು ಆಟದ ಆಯ್ಕೆಗಳಲ್ಲಿ ‘ಡೆವಲಪರ್ ಮೋಡ್’ ತೆರೆದು ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ತೋರಿಸುವ ಪಟ್ಟಿಯನ್ನು ಹಾಕಿಕೊಳ್ಳಿ. ತಡವರಿಸುವ ಹೊತ್ತಿನಲ್ಲಿ ಅದರಲ್ಲಿ ‘ಲಿಮಿಟೆಡ್ ಬೈ ಮೇನ್‌ಥ್ರೆಡ್’ ಎಂದಿದ್ದರೆ ಕೊರತೆ ಪ್ರೊಸೆಸರಿನದು, ‘ಜಿಪಿಯು’ ಎಂದಿದ್ದರೆ ಕಾರ್ಡಿನದು. ನೀವು ಹೇಳಿದ ಲಕ್ಷಣಕ್ಕೆ ಮೊದಲನೆಯದೇ ಕಾಣುವ ಸಂಭವ ಹೆಚ್ಚು. ಹಾಗಿದ್ದರೆ ‘ಟೆರೇನ್ ಲೆವೆಲ್ ಆಫ್ ಡಿಟೇಲ್’ ಮತ್ತು ಇತರ ವಿಮಾನಗಳ ಸಂಖ್ಯೆಯನ್ನು ತಗ್ಗಿಸಿ ನೋಡಿ. ಖರ್ಚಿಲ್ಲದೆ ಅರ್ಧ ತೊಂದರೆ ಕಳೆಯಬಹುದು. ಅಷ್ಟಕ್ಕೂ ಸಾಲದಿದ್ದರೆ ನಿಮ್ಮ ಬೋರ್ಡಿಗೇ, ಬಯಾಸ್ (ಬೋರ್ಡಿನ ಮೂಲ ತಂತ್ರಾಂಶ) ಹೊಸದು ಮಾಡಿಕೊಂಡು, ರೈಜೆನ್ 7 5700ಎಕ್ಸ್3ಡಿ ಅಥವಾ 5800ಎಕ್ಸ್3ಡಿ ಕೂರಿಸಬಹುದು. ಹೊಸದು ಸಿಗುವುದು ಈಗ ವಿರಳ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಮೂಲ ಬಿಲ್ ಕೇಳಿ, ಹಿಂಬದಿಯ ಪಿನ್ನುಗಳಲ್ಲಿ ಒಂದೂ ಬಾಗಿಲ್ಲವೆಂದು ಬೆಳಕಿಗೆ ಹಿಡಿದು ನೋಡಿ, ನಿಮ್ಮೆದುರೇ ಬೋರ್ಡಿಗೆ ಹಾಕಿಸಿ ಆಟ ಓಡಿಸಿದ ಮೇಲೆ ಹಣ ಕೊಡಿ.