ಗುಲಾಬಿ ಪಕ್ಕ ಬೆಳ್ಳುಳ್ಳಿ, ಚೆಂಡುಹೂ ನೆಟ್ಟರೆ ಸಸ್ಯಹೇನು ಬರುವುದಿಲ್ಲವೇ?

ಬರುತ್ತದೆ. ನನ್ನ ಹನ್ನೊಂದು ಗಿಡಕ್ಕೂ ಬಂದಿತ್ತು. ಘಾಟು ವಾಸನೆಗೆ ಹುಳ ಓಡಿಹೋಗುತ್ತದೆ ಅಂತ ನಾನೂ ನಂಬಿದ್ದೆ.

ಮೈಸೂರಿನ ನಮ್ಮ ಮನೆಯಂಗಳದಲ್ಲಿ ಬಟನ್ಸ್ ರೋಜ್ ಬುಡಕ್ಕೆಲ್ಲ ಬೆಳ್ಳುಳ್ಳಿ ಎಸಳು ಊರಿದೆ. ಸೊಗಸಾಗಿ ಚಿಗುರಿತು, ಚಟ್ನಿಗೆ ಸೊಪ್ಪಾಯಿತು. ಅದರಿಂದ ಒಂದಡಿ ಮೇಲೆ ಹಸಿರು ಹೇನು ಮೊಗ್ಗಿನ ಕತ್ತಿಗೆ ಮುತ್ತಿಕೊಂಡು ಆರಾಮಾಗಿತ್ತು. ಕೆಲಸಕ್ಕೆ ಬಂದದ್ದು ಅಮ್ಮ ಸಾರಿಗೆ ಅಂತ ಹಾಕಿ, ಕೀಳಲು ಮರೆತ ಸಬ್ಬಸಿಗೆ. ಅದು ಹಳದಿ ಹೂ ಬಿಟ್ಟಿತು, ಹೇನು ತಿನ್ನುವ ಗುಲಗಂಜಿ ಹುಳಗಳು (ಲೇಡಿಬಗ್) ಬಂದವು. ನಾನೋ, ಅವುಗಳ ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ.

ಆಮೇಲೆ ಮಾಡಿದ್ದೇ ನನ್ನ ದೊಡ್ಡ ತಪ್ಪು. ಹೇನಿನ ಗುಂಪಿನ ನಡುವೆ ಕಪ್ಪು ಹುಳಗಳು ಕಂಡವು. ಉದ್ದ ಮೈ, ಆರು ಕಾಲು, ಬೆನ್ನ ಮೇಲೆ ಸಣ್ಣ ಮುಳ್ಳು, ಅಲ್ಲಲ್ಲಿ ಕಿತ್ತಳೆ ಬಣ್ಣ. ನೋಡಿದರೇ ಹೇಸಿಗೆ. ಹೇನು ಇದ್ದಲ್ಲೇ ಇವೂ ಇವೆ, ಹಾಗಾಗಿ ಇವೂ ಕಳ್ಳರೇ ಅಂದುಕೊಂಡೆ. ನಾಲ್ಕು ಸಂಜೆ ಟಾರ್ಚ್ ಹಿಡಿದು ಒಂದೊಂದನ್ನೇ ಆರಿಸಿ ಸೋಪು ನೀರಿನ ಡಬ್ಬಿಗೆ ಹಾಕಿದೆ. ಅರವತ್ತಕ್ಕೂ ಜಾಸ್ತಿ. ಸುಮ್ನೆ ಅಲ್ಲ, ಎಣಿಸಿ ಹಾಕಿದ್ದು! ಪಕ್ಕದ ಮನೆಯಲ್ಲಿ ರೇಷ್ಮೆ ಇಲಾಖೆಯಿಂದ ನಿವೃತ್ತರಾದ ಅಂಕಲ್ ಇದ್ದರು. ಡಬ್ಬಿ ನೋಡಿ, "ಏನಮ್ಮಾ, ಕಾವಲುಗಾರನ ಮಕ್ಕಳನ್ನೇ ಮುಳುಗಿಸಿದ್ದೀಯಲ್ಲ" ಅಂದರು. ಅವು ಗುಲಗಂಜಿ ಹುಳದ ಮರಿಗಳು. ಕೆಂಪಗೆ ಗುಂಡಗಿರುವ ತಾಯಿಗೆ ಇಂಥ ಮರಿ ಅಂತ ಯಾರಿಗೆ ಹೊಳೆಯುತ್ತದೆ? ಒಂದೊಂದು ಮರಿಯೂ ಬೆಳೆದು ದೊಡ್ಡದಾಗುವುದರೊಳಗೆ ನೂರಾರು ಹೇನು ತಿನ್ನುತ್ತದಂತೆ. ಹೇನಿಗೋ ಗಂಡಿನ ಹಂಗೇ ಬೇಡ. ನೇರ ಮರಿ ಹಾಕುತ್ತದೆ, ಆ ಮರಿ ವಾರ ಹತ್ತು ದಿನದಲ್ಲಿ ತಾನೂ ಮರಿ ಹಾಕುತ್ತದೆ. ಎಲೆಯೆಲ್ಲ ಅಂಟಂಟು, ಮೇಲೆ ಕಪ್ಪು ಮಸಿ, ಇರುವೆ ಸಾಲು. ಆ ಸಂಕ್ರಾಂತಿಗೆ ದೇವರಿಗೆ ಹೂ ಪೇಟೆಯಿಂದ ತಂದೆವು.

ಅದಕ್ಕೇ ಹೇಳುತ್ತೇನೆ, ಯಾವ ಗಿಡ ಹುಳ ಓಡಿಸುತ್ತದೆ ಅನ್ನುವ ಪ್ರಶ್ನೆಯನ್ನೇ ಬಿಡಿ. ಯಾವ ಗಿಡ ಯಾರನ್ನು ಕರೆಯುತ್ತದೆ ಅಂತ ನೋಡಿ. ಚೆಂಡುಹೂವನ್ನೇ ತಗೊಳ್ಳಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು 16 ಸಾಲು ಟೊಮೆಟೊಗೆ 1 ಸಾಲು ಚೆಂಡುಹೂ ಹಾಕಲು ಹೇಳಿದ್ದು ಹುಳವನ್ನು ಹೆದರಿಸಲು ಅಲ್ಲ. ಕಾಯಿಕೊರಕದ ಪತಂಗ ಅಲ್ಲಿಗೆ ಹೋಗಿ ಮೊಟ್ಟೆ ಇಡಲಿ ಅಂತ. ಅದು ಬಲೆ. ರಸ ಹೀರುವ ಸಣ್ಣ ಹುಳಗಳಾದ ಥ್ರಿಪ್ಸ್, ಕೆಂಪು ನುಸಿಗೂ ಚೆಂಡುಹೂ ಇಷ್ಟ. ಅದನ್ನು ಗುಲಾಬಿ ಕುಂಡದೊಳಗೇ ನೆಡಬೇಡಿ.

ಸಬ್ಬಸಿಗೆ, ಕೊತ್ತಂಬರಿ ಹಾಕಿ ಹೂ ಬಿಡುವ ತನಕ ಕೀಳದೆ ಇರಿ. ನಾಲ್ಕಡಿ ದೂರದಲ್ಲಿ ಎರಡು ಅಲಸಂದೆ ಬಳ್ಳಿ ಇರಲಿ. ಅದಕ್ಕೆ ಕರಿ ಹೇನು ಹತ್ತುತ್ತದೆ, ನನ್ನ ಗುಲಾಬಿಗಂತೂ ದಾಟಿಲ್ಲ, ಗುಲಗಂಜಿ ಹುಳಕ್ಕೆ ಊಟ. ಇರುವೆ ಹತ್ತದ ಹಾಗೆ ನೋಡಿಕೊಳ್ಳಿ. ಹೇನು ಬಿಡುವ ಅಂಟು ಸಿಹಿಯ ಆಸೆಗೆ ಅವು ಹೇನನ್ನು ಕಾಯುತ್ತವೆ, ಗುಲಗಂಜಿಯನ್ನು ಓಡಿಸುತ್ತವೆ. ಹೇನು ಜಾಸ್ತಿಯಾದರೆ ಬೆಳಗ್ಗೆ ಪೈಪಿನಿಂದ ಜೋರಾಗಿ ನೀರು ಬಿಡಿ, ಸಾಕು. ಗುಲಗಂಜಿ ಮರಿಗಳಿದ್ದಾಗ ಬೇವಿನೆಣ್ಣೆಯೂ ಬೇಡ.

ಕೊನೆಗೆ, ನಿಮ್ಮ ಮೂರನೇ ಕುಂಡದ ಎಲೆಯಡಿ ನೆಟ್ಟಗೆ ನಿಂತ ಹಳದಿ ಕಾಳುಗಳಿವೆ, ಒರೆಸಲೇ ಅಂತ ಕೇಳಿದ್ದೀರಿ. ನೀವು ಕಳಿಸಿದ ಫೋಟೋ ನೋಡಿದರೆ ಗುಲಗಂಜಿಯ ಮೊಟ್ಟೆಗಳೇ. ಕೈ ಹಚ್ಚಬೇಡಿ.